ಸ್ವಯಂಪ್ರೇರಿತ ಎಚ್‌ಐವಿ ಪರೀಕ್ಷೆ ಮತ್ತು ವಿದ್ಯಾರ್ಥಿಗಳ ಮನಸ್ಸು

ಆರೋಗ್ಯವಾಗಿದ್ದೇವೆ ಎಂದುಕೊಂಡವರು ತಾವಾಗಿಯೇ ತಪಾಸಣೆಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಎಚ್‌ಐವಿಗಿಂತ ಹಳೆಯದು. 1950ರ ದಶಕದ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗಾಗಿ ಎದೆಯ ಎಕ್ಸ್‌ರೇ ತೆಗೆಯುವ ವ್ಯವಸ್ಥೆಯಿದ್ದರೂ ಬಹಳ ಮಂದಿ ಅತ್ತ ಸುಳಿಯುತ್ತಿರಲಿಲ್ಲ. ಇದರ ಕಾರಣ ಹುಡುಕಿದ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದವರು ‘ಆರೋಗ್ಯ ನಂಬಿಕೆ ಮಾದರಿ’ಯನ್ನು ರೂಪಿಸಿದರು. ರೋಗ ತನಗೂ ತಗಲಬಹುದು ಎನಿಸಬೇಕು, ಅದು ಗಂಭೀರವೆನಿಸಬೇಕು, ತಪಾಸಣೆಯ ಲಾಭ ಅದರ ಅಡ್ಡಿಗಳಿಗಿಂತ ದೊಡ್ಡದಾಗಿ ಕಾಣಬೇಕು. ಆಗಲೇ ಮನುಷ್ಯ ಹೆಜ್ಜೆ ಇಡುತ್ತಾನೆ ಎಂಬುದು ಅದರ ತಿರುಳು.

ಇದರ ಮೊದಲ ಕೊಂಡಿಯೇ ಯುವಜನರಲ್ಲಿ ಸಡಿಲ. ಮನೋವಿಜ್ಞಾನಿ ನೀಲ್ ವೈನ್‌ಸ್ಟೈನ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಡುಕು ತಮಗಿಂತ ಸಹಪಾಠಿಗಳಿಗೇ ಆಗುವ ಸಂಭವ ಹೆಚ್ಚೆಂದು ಕಾಲೇಜು ವಿದ್ಯಾರ್ಥಿಗಳು ನಂಬಿದ್ದು ಕಂಡುಬಂತು. ಎಚ್‌ಐವಿ ಬಗ್ಗೆ ಎಲ್ಲವೂ ಗೊತ್ತಿರುವ ವಿದ್ಯಾರ್ಥಿಯೂ ಪರೀಕ್ಷೆ ತನಗಲ್ಲ ಎಂದುಕೊಳ್ಳುವುದು ಹೀಗೆ.

ಎಚ್‌ಐವಿ ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1985ರಲ್ಲಿ. ಪರಿಣಾಮಕಾರಿ ಸಂಯುಕ್ತ ಔಷಧಿಗಳು ಬರಲು 1996ರವರೆಗೆ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಫಲಿತಾಂಶ ತಿಳಿದು ಮಾಡುವುದೇನು ಎಂಬ ಹಿಂಜರಿಕೆಯನ್ನು ಬರೀ ಅಜ್ಞಾನವೆನ್ನಲಾಗದು. ಚಿಕಿತ್ಸೆ ಬಂದ ಮೇಲೂ ಹಿಂಜರಿಕೆ ಉಳಿದದ್ದರಿಂದ ಸಂಶೋಧಕರ ಗಮನ ರೋಗದ ಭಯದಿಂದ ಜನರೇನೆಂದಾರೆಂಬ ಭಯದತ್ತ ಹೊರಳಿತು. ಸುತ್ತಲಿನವರು ಏನು ಬಯಸುತ್ತಾರೆ ಎಂಬ ಅನಿಸಿಕೆಯೂ ವ್ಯಕ್ತಿಯ ಸಂಕಲ್ಪವನ್ನು ರೂಪಿಸುತ್ತದೆ ಎಂದ ಮನೋವಿಜ್ಞಾನಿ ಐಜೆಕ್ ಅಜ್ಜೆನ್ ಅವರ ಸಿದ್ಧಾಂತ ಇಲ್ಲಿ ನೆರವಿಗೆ ಬಂತು.

1999ರಲ್ಲಿ ಸಂಶೋಧಕರಾದ ಬೋಶಮರ್ ಮತ್ತು ಬ್ರೂಸ್ ಎಚ್‌ಐವಿ ಪರೀಕ್ಷೆಯ ಕುರಿತ ಧೋರಣೆಯನ್ನು ಅಳೆಯುವ ಮಾಪಕವನ್ನು ಪ್ರಕಟಿಸಿದರು. ಸ್ನೇಹಿತರು ಏನೆಂದಾರು, ಮನೆಯವರು ಏನೆಂದಾರು, ಸಮಾಜ ಹೇಗೆ ಕಂಡೀತು, ಗುಟ್ಟು ಉಳಿದೀತೇ ಎಂಬ ನಾಲ್ಕು ಆತಂಕಗಳು ಅದರಲ್ಲಿವೆ. ನಾಲ್ಕೂ ಬೇರೆಯವರ ಕಣ್ಣಿಗೆ ಸಂಬಂಧಿಸಿದವು. ಸಾವಿನ ಭಯ ಅವುಗಳಲ್ಲಿಲ್ಲ. ಕಲಿಚ್‌ಮನ್ ಮತ್ತು ಸಿಂಬಾಯಿ ಕೇಪ್‌ಟೌನ್‌ನ ಕಪ್ಪು ಜನರ ಬಡಾವಣೆಯೊಂದರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೆಂಬಲಿಸಿತು: ಪರೀಕ್ಷೆ ಮಾಡಿಸಿಕೊಳ್ಳದವರಲ್ಲಿ ಸೋಂಕಿತರ ಬಗೆಗಿನ ಕಳಂಕಭಾವ ಹೆಚ್ಚಿತ್ತು. ಸೋಂಕಿತರನ್ನು ಕೀಳಾಗಿ ಕಂಡವನಿಗೆ ನಾಳೆ ತನ್ನನ್ನೂ ಹಾಗೇ ಕಂಡಾರೆಂಬ ಅಂಜಿಕೆ ಸಹಜವೇ.

ಭಾರತದಲ್ಲಿ ಮೊದಲ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ರಕ್ತದ ಮಾದರಿ ಸಂಗ್ರಹಿಸಿದ ನಿರ್ಮಲಾ ಸೆಲ್ಲಪ್ಪನ್ ಆಗ ಸ್ವತಃ ವಿದ್ಯಾರ್ಥಿನಿ. ಇಂದು ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು ಅರಿವು ಮೂಡಿಸುತ್ತಿವೆ. ಆದರೆ ಜಿಲ್ಲಾಸ್ಪತ್ರೆಯ ಸಮಗ್ರ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ (ಐಸಿಟಿಸಿ) ಫಲಕದ ಕೆಳಗೆ ಪರಿಚಿತರ ಕಣ್ಣಿಗೆ ಬೀಳುವ ಅಳುಕು ಭಾಷಣದಿಂದ ಹೋಗುವಂಥದ್ದಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಸ್ವಯಂಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ್ದಕ್ಕೆ ಈ ಖಾಸಗಿತನವೂ ಒಂದು ಕಾರಣ.

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಭಾರತದ ಎಚ್‌ಐವಿ ಕಾಯ್ದೆ, ತಿಳಿವಳಿಕೆಯ ಸಮ್ಮತಿಯನ್ನೂ ಗೋಪ್ಯತೆಯನ್ನೂ ಹಕ್ಕಾಗಿಸಿದೆ. ಐಸಿಟಿಸಿಯಲ್ಲಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ. 18 ತುಂಬಿದ ವಿದ್ಯಾರ್ಥಿಗೆ ತಂದೆ-ತಾಯಿಯ ಒಪ್ಪಿಗೆ ಬೇಕಿಲ್ಲ. ಮಾಹಿತಿಗೆ ಉಚಿತ ಸಹಾಯವಾಣಿ 1097.