ಜಗಲಿಗೆ ಬಂದ ಕರೆಂಟ್ ಬೋರ್ಡು

ಮುಂಗಾರು ಹಿಡಿಯೋಕೆ ಮುಂಚೆ ಈ ವಿಷಯ ಬರೆದುಬಿಡೋಣ ಅಂತ ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಕೊರವಂಗಲದಿಂದ ಹಾಸನದ ಕಡೆ ಹೋಗಿ, ಅರಸೀಕೆರೆ ಕಡೆ ಹೋಗಿ, ಹೆಚ್ಚಿನ ಮನೆಗಳ ಮೀಟರು ಮತ್ತು ಮೇನ್ ಇರೋದು ಜಗಲಿ ಗೋಡೆ ಮೇಲೆ. ಬೆಲೆ ಬಾಳೋ ಸಾಮಾನೆಲ್ಲ ಒಳಗೆ ಇಡ್ತೀವಿ. ಜೀವ ತೆಗೆಯೋ ಶಕ್ತಿ ಇರೋದನ್ನ ಮಾತ್ರ ಮಳೆ ಎರಚಲು ಬೀಳೋ ಕಡೆ ಇಟ್ಟಿದೀವಿ. ಇದು ಹೊರಗೆ ಬಂದಿದ್ದು ಯಾರ ಅನುಕೂಲಕ್ಕೆ ಅಂತ ಗೊತ್ತಾದ್ರೆ, ಈಗ ಏನು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.

ನಮ್ಮದು 1173ರ ಬೂಚೇಶ್ವರ ದೇವಸ್ಥಾನ ಇರೋ ಊರು. ಆವತ್ತಿಂದ ಏಳುನೂರಕ್ಕೂ ಹೆಚ್ಚು ವರ್ಷ ನಮ್ಮ ಬೆಳಕೆಲ್ಲ ಎಣ್ಣೆದೇ. ಬಾಗಿಲ ಪಕ್ಕದ ಗೂಡಲ್ಲಿ ದೀಪ ಇಡೋರು. ಎಣ್ಣೆ ಮನೆಯವರದು, ಬತ್ತಿ ಮನೆಯವರದು, ಆರಿಸೋದೂ ಅವರೇ. ಹೊರಗಿನವರು ಬಂದು ನೋಡೋ ಅಗತ್ಯ ಇರಲಿಲ್ಲ. ಕರೆಂಟ್ ಬಂದಾಗ ಈ ಲೆಕ್ಕ ಬದಲಾಯ್ತು. ಬಲ್ಬು ನಮ್ಮದು, ಆದರೆ ಕಂಬದಿಂದ ಬರೋ ತಂತಿ ಬೇರೆಯವರದು. ಎಷ್ಟು ಉರಿಸಿದ್ವಿ ಅಂತ ಅವರು ಓದಬೇಕು, ದುಡ್ಡು ಕಟ್ಟದಿದ್ರೆ ಕೀಳಬೇಕು.

ನಮ್ಮ ಮೈಸೂರು ಸೀಮೆಗೆ ಕರೆಂಟ್ ಬಂದಿದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಅದು ಮೊದಲು ಹೋಗಿದ್ದು ಯಾವ ಹಳ್ಳಿಗೂ ಅಲ್ಲ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕಂಬ ಬಂದಿದ್ದು 1957ರಲ್ಲಿ ಕೆಇಬಿ ಆದಮೇಲಿನ ದಶಕಗಳಲ್ಲಿ.

1956ರ ವಿದ್ಯುತ್ ನಿಯಮದಲ್ಲಿ ಒಂದು ಮಾತಿದೆ. ಸರಬರಾಜು ಮಾಡೋರು ಗ್ರಾಹಕನ ಜಾಗದಲ್ಲಿ ಕಟ್‌ಔಟ್ ಹಾಕಬೇಕು, ಅದು ಕೈಗೆ ಸಿಗೋ ಜಾಗದಲ್ಲಿ ಇರಬೇಕು ಅಂತ. ನಮ್ಮ ಕಡೆ ಆ ಜಾಗ ಜಗಲಿ ಆಯ್ತು. ಕಾರಣ ಊಹಿಸೋದು ಕಷ್ಟ ಅಲ್ಲ. ಹಗಲು ಹೊತ್ತು ಮನೆಮಂದಿಯೆಲ್ಲ ಹೊಲದಲ್ಲಿ, ಬಾಗಿಲಿಗೆ ಬೀಗ. ಮೀಟರ್ ಓದೋರು ಬರೋದೂ ಹಗಲೇ. ಇನ್ನೊಂದು ಮಾತೂ ಹೇಳಲೇಬೇಕು. ಮಡಿ, ಜಾತಿ ಅಂತಿದ್ದ ಮನೆಗಳಲ್ಲಿ ಎಲ್ಲರೂ ಹೊಸಿಲು ದಾಟೋ ಹಾಗಿರಲಿಲ್ಲ. ಬೋರ್ಡು ಜಗಲಿಲಿದ್ರೆ ಆ ಪ್ರಶ್ನೆಯೇ ಏಳಲ್ಲ.

ಹಳೇ ಬೋರ್ಡು ನೆನಪಿರೋರಿಗೆ ನೆನಪಿರುತ್ತೆ. ಮರದ ಹಲಗೆ, ಒಳಗೆ ಚಕ್ರ ತಿರುಗೋ ಕಪ್ಪು ಮೀಟರು, ಬಿಳೀ ಪಿಂಗಾಣಿ ಫ್ಯೂಸು, ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್ಚು. 1979-80ರಲ್ಲಿ ಭಾಗ್ಯಜ್ಯೋತಿ ಬಂದಾಗ ಬಡವರ ಮನೆಗೂ ಒಂದು ದೀಪ ಬಂತು. ಒಂದೇ ದೀಪಕ್ಕೆ ಅಂತ ಹಾಕಿದ ಆ ಸಣ್ಣ ಬೋರ್ಡಿಗೆ ಆಮೇಲೆ ಟೀವಿ, ಮಿಕ್ಸಿ, ಮೋಟರು ಎಲ್ಲ ಸೇರ್ಕೊಂಡಿರೋ ಮನೆಗಳು ಇವತ್ತಿಗೂ ಇವೆ. ಫ್ಯೂಸು ಪದೇಪದೇ ಹೋದ್ರೆ ದಪ್ಪ ತಾಮ್ರದ ತಂತಿ ಸುತ್ತಿಬಿಡೋದು ಆಗಿನ ರಿವಾಜು. ಜರ್ಮನಿಯಲ್ಲಿ ಹ್ಯೂಗೋ ಸ್ಟೋಟ್ಸ್ ಅನ್ನೋರ ಕಂಪನಿ 1924ರಲ್ಲೇ ಎಂಸಿಬಿ ಮಾಡಿತ್ತು. ಅದು ನಮ್ಮ ಜಗಲಿ ತಲುಪೋಕೆ ಎರಡು ಮೂರು ತಲೆಮಾರು ಬೇಕಾಯ್ತು.

ಮುಂದೆ 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯ್ತು. 2005ರಲ್ಲಿ ನಮ್ಮ ಹಾಸನ ಜಿಲ್ಲೆ ಚಾಮುಂಡೇಶ್ವರಿ ನಿಗಮಕ್ಕೆ ಸೇರ್ತು. 2006ರ ಕೇಂದ್ರದ ಮೀಟರ್ ನಿಯಮದಲ್ಲಿ ಮೀಟರನ್ನ ಗ್ರಾಹಕನ ಜಾಗದ ಒಳಗೂ ಹಾಕಬಹುದು, ಹೊರಗೂ ಹಾಕಬಹುದು ಅಂತಾಯ್ತು. ಓದೋಕೆ ಸುಲಭ, ಕಳ್ಳತನ ತಡೆಯೋಕೂ ಸುಲಭ. ಇದರಲ್ಲಿ ತಪ್ಪೇನಿಲ್ಲ. ಆದರೆ ಗಮನಿಸಿ, ಬೋರ್ಡು ಹೊರಗೆ ಬರೋ ಪ್ರತಿ ಹಂತದಲ್ಲೂ ಮುಂದಿದ್ದಿದ್ದು ಓದೋರ ಮತ್ತು ಕೀಳೋರ ಅನುಕೂಲ. ಮಳೇಲಿ ಅದನ್ನ ಮುಟ್ಟೋ ಮನೆಯವರ ಕ್ಷೇಮ ಮನೆಯವರ ಪಾಲಿಗೇ ಉಳೀತು.

ಇದಕ್ಕೆ ಸಾಕ್ಷಿ ನಮ್ಮ ಪಂಪ್‌ಸೆಟ್ಟಿನ ಪೆಟ್ಟಿಗೆ. 2008ರಿಂದ 10 ಎಚ್‌ಪಿವರೆಗೆ ಕರೆಂಟ್ ಉಚಿತ. ನಮಗೆ ಅದರಿಂದ ಉಪಕಾರ ಆಗಿದೆ, ಇಲ್ಲ ಅನ್ನಲ್ಲ. ಆದರೆ ತಿಂಗಳಿಗೊಮ್ಮೆ ಯಾರೂ ಬಂದು ನೋಡದ ಪೆಟ್ಟಿಗೆ ಹೇಗಿರುತ್ತೆ ನೋಡಿ. ಬಾಗಿಲು ತುಕ್ಕು, ಒಳಗೆ ಕಣಜದ ಗೂಡು, ಇರುವೆ, ಹಲ್ಲಿ. ಅರ್ಥ್ ತಂತಿ ಯಾವತ್ತೋ ಕಿತ್ತುಹೋಗಿರುತ್ತೆ. ರಾತ್ರಿ ತ್ರೀಫೇಸ್ ಬಂದಾಗ ಒದ್ದೆ ಕಾಲಲ್ಲಿ ಹೋಗಿ ಕೈ ಹಾಕೋದು ಅದಕ್ಕೇ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಮನೆ ಬೋರ್ಡಿನ ಕಡೆ ತಲೆ ಎತ್ತಿ ನೋಡೋದೂ ಕಡಿಮೆ ಆಗಿದೆ. ಬಿಲ್ ಸೊನ್ನೆ ಬಂದ್ರೆ ಬೋರ್ಡು ಸರಿಯಾಗಿದೆ ಅಂತ ಅರ್ಥ ಅಲ್ಲ.

ಹಾಗಂತ ಎಲ್ಲಾ ಒಳಗೆ ತಗೊಂಡು ಹೋಗಿ ಅಂತ ನಾನು ಹೇಳಲ್ಲ. ಅಮೆರಿಕದಲ್ಲಿ 2020ರ ವೈರಿಂಗ್ ನಿಯಮದಲ್ಲಿ ಹೊಸ ಮನೆಗಳಿಗೆ ಹೊರಗಡೆಯೇ ಒಂದು ತುರ್ತು ಸ್ವಿಚ್ಚು ಇರಬೇಕು ಅಂತ ಮಾಡಿದರು. ಮನೆಗೆ ಬೆಂಕಿ ಬಿದ್ದಾಗ ಆರಿಸೋಕೆ ಬಂದೋರು ಒಳಗೆ ನುಗ್ಗದೆ ಕರೆಂಟ್ ತೆಗೀಬೇಕಲ್ಲ, ಅದಕ್ಕೆ. ನಮ್ಮೂರುಗಳಲ್ಲೂ ಮಕ್ಕಳು ಬೆಂಗಳೂರು ಸೇರಿ ಬೀಗ ಬಿದ್ದಿರೋ ಮನೆಗಳು ಎಷ್ಟಿಲ್ಲ? ಅಲ್ಲಿ ಹೊರಗಿನ ಮೇನು ಪಕ್ಕದ ಮನೆಯವರನ್ನೂ ಉಳಿಸುತ್ತೆ.

ಆದ್ದರಿಂದ ಪಾಲು ಮಾಡ್ಕೊಳ್ಳೋದು ಒಳ್ಳೇದು. ಮೀಟರು ಮತ್ತು ಒಂದು ಮೇನು ಹೊರಗಿರಲಿ. ಕೋಣೆ ಕೋಣೆಗೆ ಹೋಗೋ ಎಂಸಿಬಿಗಳ ಪೆಟ್ಟಿಗೆ ಒಳಗಿರಲಿ.

ಹೊರಗಿರೋದಕ್ಕೆ ಕೆಲವು ಮಾತು. ನಮ್ಮಲ್ಲಿ ಮುಂಗಾರು ಎರಚಲು ಬರೋದು ಪಡುವಣದಿಂದ. ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲೂ ಜಾಸ್ತಿ, ಕಾದ ಎಂಸಿಬಿ ಬೇಗ ಬೀಳುತ್ತೆ. ಮೂಡಣ ಅಥವಾ ಬಡಗಣ ಗೋಡೆ ಲೇಸು. ಪೆಟ್ಟಿಗೆ ಮೇಲೆ ಐಪಿ 65 ಅಂತ ಇದ್ರೆ ಧೂಳು ಹೋಗಲ್ಲ, ಎರಚೋ ನೀರೂ ಹೋಗಲ್ಲ. ಆದರೆ ವೈರು ಕೆಳಗಿನಿಂದಲೇ ಒಳಗೆ ಹೋಗಬೇಕು, ಹೋಗೋ ಮುಂಚೆ ಒಂದು ಬಾಗು ಬಿಟ್ಟಿರಬೇಕು. ಮೇಲಿಂದ ತೂತು ಹೊಡೆದ್ರೆ ತಂತಿ ಹಿಡ್ಕೊಂಡೇ ನೀರು ಇಳಿಯುತ್ತೆ. ತಗಡಿನ ಪೆಟ್ಟಿಗೆ ಆದ್ರೆ ಅರ್ಥ್ ಕಡ್ಡಾಯ.

ಎಂಸಿಬಿ ಇದೆ ಅಂತ ಧೈರ್ಯ ಬೇಡ. 16 ಆಂಪಿಯರ್ ಎಂಸಿಬಿ ವೈರನ್ನ ಕಾಪಾಡುತ್ತೆ, ಮನುಷ್ಯನನ್ನ ಅಲ್ಲ. ಮನುಷ್ಯನಿಗೆ ಬೇಕಿರೋದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅಂದ್ರೆ 40 ವ್ಯಾಟಿನ ಬಲ್ಬು ಎಳೆಯೋದ್ರಲ್ಲಿ ಸುಮಾರು ಆರನೇ ಒಂದು ಪಾಲು ಸೋರಿದ್ರೂ ಬೀಳುತ್ತೆ. ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡಿ. ಅಮಾವಾಸ್ಯೆ ದಿನ ಅಂತ ಇಟ್ಕೊಂಡ್ರೆ ಮರೆಯಲ್ಲ.

ಕೊನೇದು, ಬಹಳ ಜನ ಮರೆಯೋದು. ಮೇನ್ ಆಫ್ ಮಾಡಿದ್ರೂ ಕಂಬದಿಂದ ಮೀಟರು, ಮೀಟರಿಂದ ಮೇನಿನ ಮೇಲ್ತುದಿವರೆಗೆ ತಂತಿ ಜೀವಂತವಾಗೇ ಇರುತ್ತೆ. ಅಲ್ಲಿ ಸೋರಿದ್ರೆ ನಿಮ್ಮ ಆರ್‌ಸಿಸಿಬಿಗೂ ಗೊತ್ತಾಗಲ್ಲ. ಆ ಭಾಗದಲ್ಲಿ ಕಿಡಿ, ಕರಕಲು, ಗೋಡೆ ಮುಟ್ಟಿದ್ರೆ ಜುಮ್ಮನ್ನೋದು ಏನೇ ಕಂಡ್ರೂ ಕೈ ಹಾಕದೆ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರಲಿ.

ಈ ವಾರ ಬಿಸಿಲಿರುವಾಗ ಮನೆ ಬೋರ್ಡು, ಪಂಪಿನ ಪೆಟ್ಟಿಗೆ ಎರಡನ್ನೂ ನೋಡ್ಕೊಳ್ಳಿ. ಹಾಗೇ ನಿಮ್ಮೂರಿಗೆ ಮೊದಲ ಕಂಬ ಯಾವ ವರ್ಷ ಬಂತು, ಮೊದಲ ಬೋರ್ಡು ಯಾವ ಗೋಡೆಗೆ ಬಿತ್ತು ಅಂತ ಮನೆ ಹಿರಿಯರನ್ನ ಕೇಳಿ ಕೆಳಗೆ ಬರೀರಿ. ಅವರಿರುವಾಗಲೇ ಕೇಳಿಟ್ಕೋಬೇಕು.