ಓಡುವ ಬೆಲ್ಟು ಸರಕು ವಿಂಗಡಿಸಲು ಕಲಿತದ್ದು

ಅಮೆರಿಕದ ಡೆಲವೇರ್‌ನಲ್ಲಿ ಆಲಿವರ್ ಇವಾನ್ಸ್ 1780ರ ದಶಕದಲ್ಲಿ ಕಟ್ಟಿದ ಹಿಟ್ಟಿನ ಗಿರಣಿಯೊಳಗೆ ಮೂಟೆ ಹೊರುವ ಆಳುಗಳಿಗೆ ಹೆಚ್ಚು ಕೆಲಸ ಉಳಿದಿರಲಿಲ್ಲ. ಸಣ್ಣ ಡಬ್ಬಿಗಳನ್ನು ಪೋಣಿಸಿದ ಪಟ್ಟಿಯೊಂದು ಗೋಧಿಯನ್ನು ಮೇಲಿನ ಅಂತಸ್ತಿಗೆ ಎತ್ತುತ್ತಿತ್ತು, ಮರದ ತಿರುಪು ಅದನ್ನು ಅಡ್ಡಲಾಗಿ ತಳ್ಳುತ್ತಿತ್ತು, ಅಗಲವಾದ ಇನ್ನೊಂದು ಪಟ್ಟಿ ಇಳಿಜಾರಿನಲ್ಲಿ ಸಾಗಿಸುತ್ತಿತ್ತು. ಇದಕ್ಕೆಲ್ಲ ನೀರಿನ ಚಕ್ರವೇ ಶಕ್ತಿ. 1790ರಲ್ಲಿ ಇವಾನ್ಸ್ ಪಡೆದದ್ದು ಅಮೆರಿಕದ ಮೂರನೆಯ ಪೇಟೆಂಟು. ಕನ್ವೇಯರ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಈ ಗಿರಣಿಯಿಂದಲೇ ಶುರುಮಾಡುತ್ತಾರೆ. ಆದರೆ ಅಲ್ಲಿ ಸಾಗುತ್ತಿದ್ದದ್ದು ಒಂದೇ ಬಗೆಯ ಕಾಳು, ಹೋಗಬೇಕಾದದ್ದು ಒಂದೇ ಜಾಗಕ್ಕೆ. ಹತ್ತು ಬಗೆಯ ಸರಕು ಒಟ್ಟಿಗೆ ಬಂದು, ಒಂದೊಂದೂ ಬೇರೆ ಬೇರೆ ಕಡೆ ಇಳಿಯಬೇಕಾದಾಗ ಕಷ್ಟ ಆರಂಭವಾಗುತ್ತದೆ. ಹೊರುವ ಯಂತ್ರ ಸಿದ್ಧವಾದ ಮೇಲೆ, ಸರಿಯಾದ ಜಾಗದಲ್ಲಿ ಕೈಬಿಡುವ ಯಂತ್ರ ರೂಪುಗೊಳ್ಳಲು ಸುಮಾರು ನೂರೈವತ್ತು ವರ್ಷ ಬೇಕಾಯಿತು.

ಬೆಲ್ಟಿನ ತುದಿಯಲ್ಲಲ್ಲದೆ ನಡುವೆಯೂ ಸರಕು ಇಳಿಸುವ ಉಪಾಯ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು 1860ರ ದಶಕದಲ್ಲಿ, ಲಿವರ್‌ಪೂಲ್ ಬಂದರಿನ ಧಾನ್ಯದ ಉಗ್ರಾಣಗಳಲ್ಲಿ. ಹಳಿಗಳ ಮೇಲೆ ಉರುಳುವ ಒಂದು ಬಂಡಿ, ಅದರಲ್ಲಿ ಎರಡು ರಾಟೆ. ಬೆಲ್ಟು ಮೇಲಿನ ರಾಟೆಯನ್ನು ಹತ್ತಿ ಕೆಳಗಿನದನ್ನು ಬಳಸಿ ಹಿಂತಿರುಗುವಾಗ ಕಾಳು ಮುಂದಕ್ಕೆ ಚಿಮ್ಮಿ ಪಕ್ಕದ ಕೊಳವೆಗೆ ಬೀಳುತ್ತಿತ್ತು. ಬಂಡಿಯನ್ನು ಯಾವ ಕಣಜದೆದುರು ನಿಲ್ಲಿಸಿದರೆ ಆ ಕಣಜ ತುಂಬುತ್ತಿತ್ತು. ಕಲ್ಲಿದ್ದಲು, ಅದಿರು ಸಾಗಿಸುವ ಬೆಲ್ಟುಗಳಲ್ಲಿ ಈ ವಿನ್ಯಾಸ ಇಂದಿಗೂ ಇದೆ. 1892ರಿಂದ ಥಾಮಸ್ ರಾಬಿನ್ಸ್ ಎಂಬವರು ಎಡಿಸನ್ನರ ಅದಿರು ಕಾರ್ಖಾನೆಗಾಗಿ ಬೆಲ್ಟನ್ನು ಗಟ್ಟಿಗೊಳಿಸಿದರು: ಬಟ್ಟೆಯ ಬೆಲ್ಟು ಬೇಗ ಸವೆಯುತ್ತಿದ್ದುದನ್ನು ಕಂಡು ಮೇಲೆ ರಬ್ಬರ್ ಹೊದಿಸಿದರು, ಅಡಿಯಲ್ಲಿ ವಾಲಿಸಿದ ರೋಲರುಗಳನ್ನಿಟ್ಟು ಬೆಲ್ಟಿಗೆ ದೋಣಿಯ ಆಕಾರ ಕೊಟ್ಟರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಇಷ್ಟಾದರೂ ಆರಿಸುವ ಕೆಲಸ ಕೈಯದೇ ಆಗಿತ್ತು. ಇಂಗ್ಲೆಂಡಿನ ವಿಗನ್ ಸುತ್ತಲಿನ ಗಣಿಗಳಲ್ಲಿ ಹೆಂಗಸರು ಓಡುವ ಬೆಲ್ಟಿನ ಇಕ್ಕೆಲದಲ್ಲಿ ನಿಂತು ಕಲ್ಲಿದ್ದಲಿನಿಂದ ಕಲ್ಲು ಹೆಕ್ಕುತ್ತಿದ್ದರು.

ಬಿಡಿ ಸಾಮಾನುಗಳ ವಿಂಗಡಣೆಗೆ ಒತ್ತಡ ತಂದದ್ದು ಅಂಚೆ ಮೂಲಕ ನಡೆಯುವ ವ್ಯಾಪಾರ. ಸಿಯರ್ಸ್ ರೋಬಕ್ ಕಂಪನಿ 1906ರಲ್ಲಿ ಷಿಕಾಗೋದ ಪಶ್ಚಿಮ ಭಾಗದಲ್ಲಿ ಕಟ್ಟಿದ ಮಳಿಗೆಯಲ್ಲಿ ಬೆಲ್ಟುಗಳು, ಜಾರುದಾರಿಗಳು, ಗಾಳಿಯೊತ್ತಡದ ಕೊಳವೆಗಳು ಮಹಡಿಯಿಂದ ಮಹಡಿಗೆ ಹೆಣೆದುಕೊಂಡಿದ್ದವು. ಯಾವ ಪೆಟ್ಟಿಗೆ ಯಾರಿಗೆ ಎಂಬುದನ್ನು ಆ ಬೆಲ್ಟುಗಳೇನೂ ತಿಳಿದಿರಲಿಲ್ಲ. ಕಂಪನಿಯ ಆಟೋ ಡೋರಿಂಗ್ ರೂಪಿಸಿದ ವೇಳಾಪಟ್ಟಿ ಆ ಕೊರತೆಯನ್ನು ತುಂಬಿತು. ಪ್ರತಿ ಆರ್ಡರಿಗೂ ಹದಿನೈದು ನಿಮಿಷದ ಒಂದು ಅವಧಿ ನಿಗದಿ. ಬಟ್ಟೆ, ಚಪ್ಪಲಿ, ಗಡಿಯಾರ ಯಾವ ವಿಭಾಗದ್ದೇ ಇರಲಿ, ಆ ಹದಿನೈದು ನಿಮಿಷದೊಳಗೆ ಗೊತ್ತಾದ ಬುಟ್ಟಿ ಸೇರಬೇಕು. ತಡಮಾಡಿದ ವಿಭಾಗ ದಂಡ ತೆರಬೇಕಿತ್ತು. ಯಂತ್ರಕ್ಕೆ ವಿಳಾಸ ಓದಲು ಬಾರದ ಕಾಲದಲ್ಲಿ ವೇಳೆಯನ್ನೇ ವಿಳಾಸವಾಗಿ ಬಳಸಿದ ಈ ಏರ್ಪಾಡು, ಆ ಮಳಿಗೆಯ ಯಾವ ಯಂತ್ರಕ್ಕಿಂತಲೂ ಜಾಣತನದ್ದು.

ಮನುಷ್ಯ ಓದಿ ಯಂತ್ರ ಒಯ್ಯುವ ಹಂಚಿಕೆ ನೆದರ್ಲೆಂಡ್ಸಿನಲ್ಲಿ ಮೊದಲು ನೆಲೆಯೂರಿತು. ಮಾರ್ಶಾಂ ಮತ್ತು ಆಂಡ್ರಿಸೆನ್ ಎಂಬಿಬ್ಬರು ರೂಪಿಸಿದ ‘ಟ್ರಾನ್ಸೋರ್ಮಾ’ ಯಂತ್ರ 1930ರ ಹೊತ್ತಿಗೆ ರೋಟರ್‌ಡ್ಯಾಮ್ ಅಂಚೆ ಕಚೇರಿಗೂ, 1935ರಲ್ಲಿ ಇಂಗ್ಲೆಂಡಿನ ಬ್ರೈಟನ್‌ಗೂ ಬಂತು. ಐವರು ನೌಕರರು ಸಾಲಾಗಿ ಕೂತು ಒಂದೊಂದೇ ಕಾಗದದ ವಿಳಾಸ ನೋಡಿ, ಊರಿನ ಸಂಕೇತವನ್ನು ಕೀಲಿಮಣೆಯಲ್ಲಿ ಒತ್ತುತ್ತಿದ್ದರು. ಕಾಗದವನ್ನು ಆ ಊರಿನ ಗೂಡಿಗೆ ಬೀಳಿಸುವುದು ಯಂತ್ರದ ಪಾಲು. ತಪ್ಪು ಯಾರದೆಂದು ತಿಳಿಯಲು ಪ್ರತಿಯೊಬ್ಬರ ಗುರುತಿನ ಚಿಹ್ನೆ ಲಕೋಟೆಯ ಮೇಲೆ ಅಚ್ಚಾಗುತ್ತಿತ್ತು. ಮೇಲಧಿಕಾರಿಗಳ ತನಿಖೆಗೆಂದು ಒತ್ತಿದ ಆ ಪುಟ್ಟ ಅಕ್ಷರಗಳನ್ನು ಅಂಚೆಚೀಟಿ ಸಂಗ್ರಾಹಕರು ಈಗ ಹುಡುಕಿ ಕೂಡಿಡುತ್ತಾರೆ.

ಕೀಲಿ ಒತ್ತಿದ ಕ್ಷಣಕ್ಕೂ ಸಾಮಾನು ಇಳಿಯಬೇಕಾದ ಕ್ಷಣಕ್ಕೂ ನಡುವೆ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳ ಅಂತರವಿರುತ್ತದೆ. ಅಷ್ಟು ಹೊತ್ತು ಸಂಕೇತವನ್ನು ಯಾರಾದರೂ ನೆನಪಿಡಬೇಕು. ಕಂಪ್ಯೂಟರ್ ಬರುವ ಮೊದಲು ಈ ನೆನಪನ್ನು ಕಬ್ಬಿಣದಲ್ಲೇ ಮಾಡಿದರು. ಬೆಲ್ಟನ್ನು ತಿರುಗಿಸುವ ದಂಡಕ್ಕೇ ಹಲ್ಲುಚಕ್ರಗಳ ಮೂಲಕ ಜೋಡಿಸಿದ ಒಂದು ಗಾಲಿ, ಅದರ ಅಂಚಿನುದ್ದಕ್ಕೂ ಒಳಹೊರಗೆ ಸರಿಯುವ ಮೊಳೆಗಳು. ಕೀಲಿ ಒತ್ತಿದಾಗ ಒಂದು ಮೊಳೆ ಹೊರಚಾಚುತ್ತದೆ. ಬೆಲ್ಟು ಹತ್ತು ಮೀಟರ್ ಸಾಗಿದಾಗ ಗಾಲಿ ಅದಕ್ಕೆ ತಕ್ಕಷ್ಟೇ ತಿರುಗಿರುತ್ತದೆ. ಮೊಳೆ ಒಂದು ಸ್ವಿಚ್ಚಿಗೆ ತಾಗುತ್ತದೆ, ಪೆಟ್ಟಿಗೆಯನ್ನು ತಳ್ಳುವ ತೋಳು ಚಾಚುತ್ತದೆ, ಮೊಳೆ ಮತ್ತೆ ಒಳಸರಿಯುತ್ತದೆ. ಕರೆಂಟು ಹೋಗಿ ಬೆಲ್ಟು ನಿಂತರೆ ಗಾಲಿಯೂ ನಿಲ್ಲುವುದರಿಂದ ಲೆಕ್ಕ ತಪ್ಪುವುದಿಲ್ಲ. ಪೆಟ್ಟಿಗೆ ಬೆಲ್ಟಿನ ಮೇಲೆ ಜಾರಿ ಹಿಂದೆ ಬಿದ್ದರೆ ಮಾತ್ರ ಗಾಲಿಗೆ ಅದು ಗೊತ್ತಾಗದು, ತೋಳು ಪಕ್ಕದ ಪೆಟ್ಟಿಗೆಯನ್ನು ತಳ್ಳಿಬಿಡುತ್ತದೆ. ದಾರಿಯುದ್ದಕ್ಕೂ ಬೆಳಕಿನ ಕಿರಣದ ಕಾವಲು ಬಂದದ್ದು ಇದೇ ಕಾರಣಕ್ಕೆ.

ತಳ್ಳುವ ತೋಳಿನ ಮಿತಿಯೂ ಬೇಗ ಬಯಲಾಯಿತು. ತೋಳು ಚಾಚಿ ಹಿಂದೆ ಸರಿಯಲು ಒಂದು ಸೆಕೆಂಡ್ ಬೇಕು, ಬೆಲ್ಟು ಸೆಕೆಂಡಿಗೆ ಒಂದು ಮೀಟರ್ ಓಡುತ್ತಿದೆ ಎಂದರೆ ಪೆಟ್ಟಿಗೆಗಳ ನಡುವೆ ಸುಮಾರು ಒಂದು ಮೀಟರ್ ಖಾಲಿ ಬಿಡಲೇಬೇಕು. ಆ ಅಂತರ ಮಾಡಲು ಒಂದು ಬೆಲ್ಟಿನ ಮುಂದೆ ಅದಕ್ಕಿಂತ ವೇಗದ ಇನ್ನೊಂದನ್ನು ಇಡುತ್ತಾರೆ: ಒಂದಕ್ಕೊಂದು ತಾಗಿ ಬರುವ ನಲವತ್ತು ಸೆಂಟಿಮೀಟರ್ ಪೆಟ್ಟಿಗೆಗಳು ಇಮ್ಮಡಿ ವೇಗದ ಬೆಲ್ಟಿಗೆ ದಾಟಿದರೆ ನಡುವೆ ನಲವತ್ತು ಸೆಂಟಿಮೀಟರ್ ತೆರಪು ತಾನಾಗಿ ಬೀಳುತ್ತದೆ. ಕೆಲಸ ಹೆಚ್ಚಿದಂತೆ ಬೆಲ್ಟನ್ನೇ ಕೈಬಿಟ್ಟು, ತಟ್ಟೆಗಳನ್ನು ಹೊತ್ತ ಪುಟ್ಟ ಬಂಡಿಗಳನ್ನು ಸರಪಳಿಯಂತೆ ಸುತ್ತು ಜೋಡಿಸಿದರು. ಜಾಗ ಬಂದಾಗ ತಟ್ಟೆ ವಾಲುತ್ತದೆ, ಸಾಮಾನು ಜಾರುತ್ತದೆ. ಸರಳವೆನಿಸಿದರೂ ಸೆಕೆಂಡಿಗೆ ಎರಡು ಮೀಟರ್ ಓಡುವ ತಟ್ಟೆಯಿಂದ ಜಾರಲು ಅರ್ಧ ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಸಾಮಾನು ಒಂದು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ತಟ್ಟೆ ಮೊದಲೇ ವಾಲಬೇಕು, ಜಾರುದಾರಿಯ ಬಾಯಿ ಓಟದ ದಿಕ್ಕಿಗೆ ಓರೆಯಾಗಿರಬೇಕು. ಎಲ್ಲ ಸಾಮಾನೂ ಒಂದೇ ಹೊತ್ತಿನಲ್ಲಿ ಜಾರುವುದೂ ಇಲ್ಲ. ಕೋರಾ ಬಟ್ಟೆ ಸುತ್ತಿ ಹೊಲಿದು ಅರಗು ಒತ್ತಿದ ನಮ್ಮ ಹಳೆಯ ಅಂಚೆ ಪಾರ್ಸೆಲ್ಲು ತಟ್ಟೆಗೆ ಅಂಟಿ ಕೂರುತ್ತದೆ. ಪ್ಲಾಸ್ಟಿಕ್ ಚೀಲ ಕರೆಯುವ ಮೊದಲೇ ಹೊರಡುತ್ತದೆ.

ರಟ್ಟಿನ ಪೆಟ್ಟಿಗೆಗಳಿಗೆ ಹೆಚ್ಚು ಒಗ್ಗಿದ್ದು ಜಾರುವ ಗುಬ್ಬಿಗಳ ಕನ್ವೇಯರ್. ಇದರ ಮೇಲ್ಮೈ ಅಡ್ಡಲಾಗಿ ಜೋಡಿಸಿದ ಲೋಹದ ಪಟ್ಟಿಗಳದು, ಎರಡು ಕಡೆ ಸರಪಳಿ ಎಳೆಯುತ್ತದೆ. ಪ್ರತಿ ಪಟ್ಟಿಗೂ ಅದರ ಉದ್ದಕ್ಕೆ ಸರಿದಾಡುವ ಒಂದು ಗುಬ್ಬಿ, ಗುಬ್ಬಿಯ ಅಡಿಯಲ್ಲಿ ಒಂದು ಕಡ್ಡಿ. ಆ ಕಡ್ಡಿ ಕೆಳಗಿನ ಹಳಿಯಲ್ಲಿ ನೇರ ಓಡುತ್ತಿರುತ್ತದೆ. ಪೆಟ್ಟಿಗೆ ತಿರುಗಬೇಕಾದ ಕಡೆ ಹಳಿಯ ಸಂದಿ ತೆರೆದು ಕಡ್ಡಿಯನ್ನು ಓರೆ ಹಳಿಗೆ ಹತ್ತಿಸುತ್ತದೆ. ಒಂದರ ಹಿಂದೊಂದು ಗುಬ್ಬಿ ಓರೆಯಾಗಿ ಸರಿಯುತ್ತ ಪೆಟ್ಟಿಗೆಯನ್ನು ಪಕ್ಕದ ದಾರಿಗೆ ಮೆಲ್ಲಗೆ ನೂಕುತ್ತವೆ. ತೋಳಿನ ಹೊಡೆತವಿಲ್ಲ, ಒಡೆಯುವ ಭಯ ಕಡಿಮೆ.

ಇಳಿಸುವ ಯಂತ್ರಗಳು ಹೀಗೆ ಬೆಳೆಯುವಾಗ ವಿಳಾಸವೂ ಬದಲಾಯಿತು. ಅಮೆರಿಕದಲ್ಲಿ 1963ರಲ್ಲಿ ಜಿಪ್ ಕೋಡ್ ಜಾರಿಯಾಯಿತು, 1965ರಲ್ಲಿ ಡೆಟ್ರಾಯಿಟ್ ಅಂಚೆ ಕಚೇರಿಯಲ್ಲಿ ಅಕ್ಷರ ಓದುವ ಯಂತ್ರ ಕೆಲಸಕ್ಕಿಳಿಯಿತು. ಭಾರತದಲ್ಲಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ಪಿನ್ ಕೋಡ್ 1972ರ ಆಗಸ್ಟ್ 15ರಂದು ಬಂತು. ಇಷ್ಟೊಂದು ಭಾಷೆ, ಲಿಪಿ, ಒಂದೇ ಹೆಸರಿನ ಹಲವು ಊರುಗಳಿರುವ ದೇಶದಲ್ಲಿ ರೈಲ್ವೆ ಅಂಚೆ ಸೇವೆಯ (ಆರ್‌ಎಂಎಸ್) ನೌಕರರು ಓಡುವ ರೈಲಿನಲ್ಲಿ ಕಾಗದಗಳನ್ನು ಗೂಡುಗಳಿಗೆ ಎಸೆದು ವಿಂಗಡಿಸುತ್ತಿದ್ದುದು ಬಹುಮಟ್ಟಿಗೆ ನೆನಪಿನ ಬಲದಿಂದ. 560001 ಎಂಬ ಸಂಖ್ಯೆಯಲ್ಲಾದರೋ ಮೊದಲ 5 ಸರಕನ್ನು ದಕ್ಷಿಣದ ಒಂದು ವಲಯಕ್ಕೆ ತಿರುಗಿಸುತ್ತದೆ, ಮೂರಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ ಸಿಗುತ್ತದೆ, ಆರೂ ಸೇರಿದರೆ ಬೆಂಗಳೂರಿನ ಜಿಪಿಒ. ಯಂತ್ರದ ಕವಲುದಾರಿಗೆ ಹೊಂದುವ ವಿಳಾಸ ಇದು. ಕಾಗದ ವಿಂಗಡಿಸುವ ಸ್ವಯಂಚಾಲಿತ ಕೇಂದ್ರ ಮುಂಬೈಯಲ್ಲಿ 1993ರಲ್ಲಿ ಶುರುವಾಯಿತು. ಸಾಮಾನಿನ ಮೈಮೇಲೆಯೇ ಗುರುತು ಹಚ್ಚುವ ಬಾರ್‌ಕೋಡ್ 1974ರಲ್ಲಿ ಒಹಾಯೊದ ಅಂಗಡಿಯೊಂದರಲ್ಲಿ ಬಳಕೆಗೆ ಬಂದು, ಕೀಲಿ ಒತ್ತುವವರನ್ನು ಕ್ರಮೇಣ ಬೆಲ್ಟಿನ ಬದಿಯಿಂದ ಎಬ್ಬಿಸಿತು.

ಎಲ್ಲವನ್ನೂ ಯಂತ್ರಕ್ಕೆ ವಹಿಸುವ ಹುಮ್ಮಸ್ಸು ಅತಿಗೆ ಹೋದದ್ದು ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಪ್ರಯಾಣಿಕರ ಪ್ರತಿ ಪೆಟ್ಟಿಗೆಗೂ ಹಳಿಯ ಮೇಲೆ ಓಡುವ ಒಂದೊಂದು ಬಂಡಿ, ಅಂಥ ಸುಮಾರು 4,000 ಬಂಡಿಗಳು. ಬೆಲ್ಟಿನಿಂದ ಹಾರಿದ ಪೆಟ್ಟಿಗೆಯನ್ನು ಬಂಡಿ ಓಡುತ್ತಲೇ ಹಿಡಿಯಬೇಕು. 1994ರಲ್ಲಿ ಪತ್ರಕರ್ತರೆದುರು ಓಡಿಸಿದಾಗ ಪೆಟ್ಟಿಗೆಗಳು ಸೀಳಿ ಬಟ್ಟೆಬರೆ ಹಳಿಯ ಮೇಲೆ ಚೆಲ್ಲಾಡಿದವು. ಹಿಡಿಯುವ ಲೆಕ್ಕವಷ್ಟೇ ತಪ್ಪಿದ್ದಲ್ಲ; ಖಾಲಿ ಬಂಡಿಗಳು ಬೇಕಾದ ಕಡೆ ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ. 1993ರ ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ನಿಲ್ದಾಣ 1995ರ ಫೆಬ್ರುವರಿ 28ರಂದು ತೆರೆಯಿತು. ಕುಂಟುತ್ತ ಉಳಿದಿದ್ದ ಆ ವ್ಯವಸ್ಥೆಯನ್ನು 2005ರಲ್ಲಿ ಪೂರ್ತಿ ಕೈಬಿಟ್ಟು, ಟ್ರ್ಯಾಕ್ಟರ್ ಎಳೆಯುವ ಗಾಡಿಗಳಿಗೇ ಮರಳಿದರು.

ಇಂದಿನ ಕೊರಿಯರ್ ಉಗ್ರಾಣಗಳಲ್ಲಿ ಹೆಚ್ಚಾಗಿ ಕಾಣುವುದು ಅಡ್ಡಬೆಲ್ಟಿನ ಬಂಡಿಗಳು. ವಾಲುವ ತಟ್ಟೆಯ ಜಾಗದಲ್ಲಿ ಪ್ರತಿ ಬಂಡಿಯ ಮೇಲೂ ಅಡ್ಡಲಾಗಿ ಉರುಳುವ ಒಂದು ಗಿಡ್ಡ ಬೆಲ್ಟಿರುತ್ತದೆ. ಜಾರಲೆಂದು ಕಾಯದೆ ಸಾಮಾನನ್ನು ಎಡಕ್ಕೋ ಬಲಕ್ಕೋ ಅದೇ ಇಳಿಸುತ್ತದೆ. ಬಂಡಿಯಿಂದ ಬಂಡಿಗೆ 60 ಸೆಂಟಿಮೀಟರ್ ಅಂತರ, ಸೆಕೆಂಡಿಗೆ 2 ಮೀಟರ್ ವೇಗವಿದ್ದರೆ ಗಂಟೆಗೆ 12,000 ಬಂಡಿಗಳು ಒಂದು ಜಾಗವನ್ನು ದಾಟುತ್ತವೆ. ಬಾರ್‌ಕೋಡ್ ಮಸುಕಾಗಿ ಯಂತ್ರಕ್ಕೆ ಓದಲಾಗದ ಪಾರ್ಸೆಲ್ಲು ಇನ್ನೊಂದು ಸುತ್ತು ಬರುತ್ತದೆ. ಆಗಲೂ ಓದಲಾಗದಿದ್ದರೆ ಕೊನೆಯ ಜಾರುದಾರಿಗೆ ಇಳಿಯುತ್ತದೆ; ಅಲ್ಲಿ ಕೂತ ನೌಕರರು ವಿಳಾಸ ಓದಿ ಹೊಸ ಚೀಟಿ ಅಂಟಿಸುತ್ತಾರೆ.