ಏರ್ ಇಂಡಿಯಾ ಎಕ್ಸ್‌ಪ್ರೆಸ್: ಎರಡು ದುರಂತ, 179 ಸಾವು – ಮಂಗಳೂರು, ಕೋಝಿಕ್ಕೋಡ್‌ನಲ್ಲಿ ನಿಜಕ್ಕೂ ಆಗಿದ್ದೇನು?

ಮಂಗಳೂರು: ಗಲ್ಫ್‌ನಲ್ಲಿ ದುಡಿಯುವವರು ಒಬ್ಬರೂ ಇಲ್ಲದ ಊರು ಕರಾವಳಿಯಲ್ಲಿ ಸಿಗುವುದು ಕಷ್ಟ. ಅವರಲ್ಲಿ ತುಂಬಾ ಜನ ಹೋಗಿ ಬರುವುದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ. ಟಿಕೆಟ್ ದರ ಕಡಿಮೆ, ಬಜಪೆಯಿಂದಲೇ ನೇರ ವಿಮಾನ. ಈ ಸಂಸ್ಥೆ 2005ರಲ್ಲಿ ಹಾರಾಟ ಶುರು ಮಾಡಿದ ಮೇಲೆ ಪ್ರಯಾಣಿಕರು ಸತ್ತ ದೊಡ್ಡ ಅಪಘಾತ ಎರಡು. ಒಂದು 2010ರಲ್ಲಿ ನಮ್ಮ ಮಂಗಳೂರಿನಲ್ಲಿ, ಇನ್ನೊಂದು 2020ರಲ್ಲಿ ಪಕ್ಕದ ಕೇರಳದ ಕೋಝಿಕ್ಕೋಡ್‌ನಲ್ಲಿ. ಎರಡೂ ದುಬೈನಿಂದ ಬಂದ ವಿಮಾನ, ಎರಡೂ ಬೋಯಿಂಗ್ 737-800, ಎರಡೂ ಕಡೆ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ.

ಈ ದುರಂತಗಳ ಬಗ್ಗೆ ಇವತ್ತಿಗೂ ಅಂಗಡಿ ಜಗಲಿಯಲ್ಲಿ ಬೇರೆ ಬೇರೆ ಮಾತು ಕೇಳಿಬರುತ್ತದೆ. ಮಳೆಯಿಂದ ಆಯ್ತು ಅಂತ ಕೆಲವರು, ರನ್‌ವೇ ಸಣ್ಣದು ಅಂತ ಕೆಲವರು, ವಿಮಾನವೇ ಹಳೆಯದು ಅಂತ ಇನ್ನು ಕೆಲವರು. ಸರ್ಕಾರದ ತನಿಖಾ ವರದಿಗಳಲ್ಲಿ ಇರುವುದೇ ಬೇರೆ. ಪೂರ್ತಿ ಮಾಹಿತಿ ಇಲ್ಲಿದೆ.

ಒಂದೇ ನೋಟದಲ್ಲಿ

ಮಂಗಳೂರು – ವಿಮಾನ ಸಂಖ್ಯೆ 812
- ದಿನ: 22 ಮೇ 2010, ಬೆಳಗ್ಗೆ ಸುಮಾರು 6 ಗಂಟೆ
- ವಿಮಾನದಲ್ಲಿ ಇದ್ದವರು: 166 (ಪ್ರಯಾಣಿಕರು 160, ಸಿಬ್ಬಂದಿ 6)
- ಸತ್ತವರು: 158, ಬದುಕಿದವರು: 8
- ರನ್‌ವೇ ಉದ್ದ: 2,450 ಮೀಟರ್

ಕೋಝಿಕ್ಕೋಡ್ (ಕರಿಪುರ) – ವಿಮಾನ ಸಂಖ್ಯೆ 1344
- ದಿನ: 7 ಆಗಸ್ಟ್ 2020, ಸಂಜೆ 7.40ರ ಸುಮಾರಿಗೆ
- ವಿಮಾನದಲ್ಲಿ ಇದ್ದವರು: 190 (ಪ್ರಯಾಣಿಕರು 184, ಸಿಬ್ಬಂದಿ 6)
- ಸತ್ತವರು: 21 (ಇಬ್ಬರೂ ಪೈಲಟ್‌ಗಳು ಸೇರಿ)
- ರನ್‌ವೇ ಉದ್ದ: 2,700 ಮೀಟರ್

ಟೇಬಲ್‌ಟಾಪ್ ಅಂದರೆ ಏನು?

ಗುಡ್ಡದ ತಲೆಯನ್ನು ಸಮ ಮಾಡಿ ಮಾಡಿದ ರನ್‌ವೇ. ಮೇಜಿನ ಹಲಗೆ ಥರ ಮೇಲೆ ಚಪ್ಪಟೆ, ಅಂಚು ದಾಟಿದರೆ ಕೆಳಗೆ ಪ್ರಪಾತ. ದೇಶದಲ್ಲಿ ಮಂಗಳೂರು, ಕೋಝಿಕ್ಕೋಡ್, ಮಿಜೋರಾಂನ ಲೆಂಗ್‌ಪುಯಿ, ಶಿಮ್ಲಾ, ಸಿಕ್ಕಿಂನ ಪಾಕ್ಯೊಂಗ್ ಇಂಥ ನಿಲ್ದಾಣಗಳು. ಬಯಲು ಸೀಮೆಯ ನಿಲ್ದಾಣದಲ್ಲಿ ವಿಮಾನ ರನ್‌ವೇ ದಾಟಿದರೆ ಗದ್ದೆಗೋ ಮಣ್ಣಿಗೋ ಹೋಗಿ ನಿಲ್ಲಬಹುದು. ಇಲ್ಲಿ ಆ ಅವಕಾಶ ಇಲ್ಲ. ತಪ್ಪು ಅಷ್ಟೇ ದೊಡ್ಡದಿದ್ದರೂ ಬೆಲೆ ಹೆಚ್ಚು.

ಬಜಪೆಯಲ್ಲಿ ಮೊದಲು ಇದ್ದದ್ದು 1,615 ಮೀಟರ್‌ನ ಸಣ್ಣ ರನ್‌ವೇ. 2006ರಲ್ಲಿ 2,450 ಮೀಟರ್‌ನ ಹೊಸ ರನ್‌ವೇ ಬಳಕೆಗೆ ಬಂದ ಮೇಲೆಯೇ ಗಲ್ಫ್ ವಿಮಾನಗಳಿಗೆ ದಾರಿ ಸುಲಭವಾಯಿತು. 737-800 ಮಾದರಿ ವಿಮಾನ ಇಳಿಯಲು ಈ ಉದ್ದ ಸಾಕು. ವರ್ಷಪೂರ್ತಿ ಇಳಿಯುತ್ತಲೇ ಇವೆ.

ಮಂಗಳೂರು: ಆ ಬೆಳಗ್ಗೆ ನಡೆದದ್ದು

ವಿಮಾನ ದುಬೈ ಬಿಟ್ಟದ್ದು ನಮ್ಮ ಸಮಯ ರಾತ್ರಿ 2.30 ಕಳೆದ ಮೇಲೆ. ಕ್ಯಾಪ್ಟನ್ ಸರ್ಬಿಯಾದವರು, 10,000 ಗಂಟೆಗೂ ಹೆಚ್ಚು ಹಾರಾಟದ ಅನುಭವ. ಕಾಕ್‌ಪಿಟ್‌ನ ಮಾತು ದಾಖಲಿಸುವ ಯಂತ್ರದಲ್ಲಿ ಕೊನೆಯ 2 ಗಂಟೆ 5 ನಿಮಿಷದ ಧ್ವನಿ ಸಿಕ್ಕಿತು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಮಧ್ಯೆ ಮಧ್ಯೆ ಗೊರಕೆ ಶಬ್ದವೂ ದಾಖಲಾಗಿತ್ತು.

ಇಳಿಯಲು ಹತ್ತಿರ ಬರುವಾಗ ಎಚ್ಚರಾದರೂ ಪೂರ್ತಿ ಚುರುಕಾಗಿರಲಿಲ್ಲ. ಗಾಢ ನಿದ್ದೆಯಿಂದ ಎದ್ದ ಕೂಡಲೇ ತಲೆ ಮಂಕಾಗಿರುತ್ತಲ್ಲ, ಅದೇ ಸ್ಥಿತಿ ಅಂತ ತನಿಖಾ ತಂಡ ಹೇಳಿದೆ. ಬೆಳಗಿನ ಜಾವ ದೇಹದ ಚುರುಕು ತೀರಾ ಕಡಿಮೆ ಇರುವ ಹೊತ್ತು ಬೇರೆ.

ಇದಕ್ಕೆ ಇನ್ನೊಂದು ವಿಷಯ ಸೇರಿತು. ಮಂಗಳೂರಿನ ರಾಡಾರ್ ಎರಡು ದಿನ ಮೊದಲೇ, ಅಂದರೆ ಮೇ 20ರಿಂದ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಎಂದಿಗಿಂತ ತಡವಾಗಿ ಸಿಕ್ಕಿತು. ರನ್‌ವೇ ಹತ್ತಿರವಾದಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿತ್ತು.

ಹೀಗಾದಾಗ ಮಾಡಬೇಕಾದ್ದು ಒಂದೇ ಕೆಲಸ. ಇಳಿಯುವುದನ್ನು ಬಿಟ್ಟು ಮೇಲೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ಬರುವುದು. ಇದಕ್ಕೆ ‘ಗೋ ಅರೌಂಡ್’ ಅಂತಾರೆ. ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಮಾಡಿ ಅಂತ ಹೇಳಿದರು. ವಿಮಾನದ ಎಚ್ಚರಿಕೆ ಯಂತ್ರವೂ ಮತ್ತೆ ಮತ್ತೆ ಕೂಗಿತು. ಕ್ಯಾಪ್ಟನ್ ಕೇಳಲಿಲ್ಲ.

ಚಕ್ರ ನೆಲ ಮುಟ್ಟಿದ್ದು ರನ್‌ವೇ ಶುರುವಿನಿಂದ ಸುಮಾರು 5,200 ಅಡಿ, ಅಂದರೆ ಹತ್ತಿರ ಹತ್ತಿರ 1,600 ಮೀಟರ್ ದಾಟಿದ ಮೇಲೆ. ಮುಂದೆ ಉಳಿದದ್ದು 2,800 ಅಡಿಯಷ್ಟು ಮಾತ್ರ. ಮೊದಲು ಎಂಜಿನ್‌ನ ರಿವರ್ಸ್ ಹಾಕಿ ನಿಲ್ಲಿಸಲು ನೋಡಿದರು. ಕೆಲವೇ ಕ್ಷಣದಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಮೇಲೇರಲು ಪ್ರಯತ್ನಿಸಿದರು. ಒಮ್ಮೆ ರಿವರ್ಸ್ ಹಾಕಿದ ಮೇಲೆ ಮೇಲೇರಲು ಹೋಗಬಾರದು ಎಂಬುದು ಬೋಯಿಂಗ್ ಕಂಪನಿಯದ್ದೇ ನಿಯಮ. ವಿಮಾನ ರನ್‌ವೇ ದಾಟಿತು, ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಕಟ್ಟೆಗೆ ಬಲ ರೆಕ್ಕೆ ಬಡಿಯಿತು, ಬೇಲಿ ಮುರಿದು ಕೆಂಜಾರು ಬದಿಯ ಕಣಿವೆಗೆ ಬಿತ್ತು, ಬೆಂಕಿ ಹತ್ತಿತು. ಬದುಕಿದ ಎಂಟು ಜನ ಹೊರಬಂದದ್ದು ವಿಮಾನ ಒಡೆದ ಜಾಗದಿಂದ.

ನೆಲ ಮುಟ್ಟಿದ ಕೂಡಲೇ ರಿವರ್ಸ್ ಮತ್ತು ಪೂರ್ತಿ ಬ್ರೇಕ್ ಹಾಕಿ, ಮೇಲೇರುವ ಪ್ರಯತ್ನ ಮಾಡದೆ ಇದ್ದಿದ್ದರೆ ಅಷ್ಟು ತಡವಾಗಿ ಇಳಿದಿದ್ದರೂ ವಿಮಾನ ನಿಲ್ಲುತ್ತಿತ್ತು ಎಂಬ ಲೆಕ್ಕ ವರದಿಯಲ್ಲಿದೆ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಕೊಟ್ಟ ತೀರ್ಮಾನ: ಮುಖ್ಯ ಕಾರಣ ಕ್ಯಾಪ್ಟನ್ ತಪ್ಪಾದ ಇಳಿಕೆಯನ್ನು ಕೈಬಿಡದೇ ಇದ್ದದ್ದು. ಜೊತೆಗೆ ನಿದ್ದೆಯ ಮಂಕು, ರಾಡಾರ್ ಇಲ್ಲದ್ದು, ಮತ್ತು ಸಹ ಪೈಲಟ್ ಯಾವಾಗ ತಾನೇ ಕಂಟ್ರೋಲ್ ತಗೊಳ್ಳಬಹುದು ಎಂಬ ಬಗ್ಗೆ ನಿಯಮಗಳಲ್ಲೇ ಇದ್ದ ಗೊಂದಲ.

ಕೋಝಿಕ್ಕೋಡ್: ಹತ್ತು ವರ್ಷದ ನಂತರ ಅದೇ ಕಥೆ

ಕೊರೊನಾ ಕಾಲ. ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಮಿಷನ್ ವಿಮಾನ ಅದು. ಕರಿಪುರದಲ್ಲಿ ಜೋರು ಮಳೆ. ಮೊದಲ ಸಲ ಇಳಿಯಲು ಬಂದಾಗ ಕ್ಯಾಪ್ಟನ್ ಬದಿಯ ಗಾಜಿನ ವೈಪರ್ ಕೈಕೊಟ್ಟಿತು. ಸರಿಯಾಗಿಯೇ ಗೋ ಅರೌಂಡ್ ಮಾಡಿದರು.

ಎರಡನೇ ಸಲ ರನ್‌ವೇಯ ಎದುರು ದಿಕ್ಕಿನಿಂದ ಬಂದರು. ಈಗ ಗಾಳಿ ಬೆನ್ನ ಹಿಂದಿನಿಂದ. ಹಿಂಬದಿ ಗಾಳಿ ಇದ್ದರೆ ವಿಮಾನ ನಿಲ್ಲಲು ಜಾಸ್ತಿ ಜಾಗ ಬೇಕು, ಒದ್ದೆ ರನ್‌ವೇಯಲ್ಲಿ ಇನ್ನೂ ಜಾಸ್ತಿ. ವಿಮಾನ ನೆಲ ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ, ಅಂದರೆ ಅರ್ಧ ರನ್‌ವೇ ಮುಗಿದಿತ್ತು. ಇಲ್ಲೂ ಸಹ ಪೈಲಟ್ ಗೋ ಅರೌಂಡ್ ಅಂದರು. ಇಲ್ಲೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಇಲ್ಲೂ ಸಹ ಪೈಲಟ್ ಕಂಟ್ರೋಲ್ ಕೈಗೆ ತಗೊಳ್ಳಲಿಲ್ಲ. ವಿಮಾನ ಅಂಚು ದಾಟಿ ಕೆಳಗೆ ಬಿದ್ದು ತುಂಡಾಯಿತು. ಬೆಂಕಿ ಹತ್ತಲಿಲ್ಲ. ಕೊರೊನಾ ಭಯ ಲೆಕ್ಕಿಸದೆ ಕೊಂಡೋಟ್ಟಿ ಭಾಗದ ಜನ ಮಳೆಯಲ್ಲೇ ಓಡಿಬಂದು ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಿದರು.

ಇಲ್ಲಿನ ಕ್ಯಾಪ್ಟನ್ ವಾಯುಪಡೆಯಲ್ಲಿದ್ದವರು, ಅವರಿಗೂ 10,000 ಗಂಟೆ ಮೀರಿದ ಅನುಭವ. ಹಾಗಾದರೆ ಯಾಕೆ ಹಟ? ವಿಮಾನ ಅಪಘಾತ ತನಿಖಾ ಬ್ಯೂರೋ 2021ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಇದಕ್ಕೂ ಉತ್ತರ ಹುಡುಕಿದೆ. ಕೋಝಿಕ್ಕೋಡ್‌ನಲ್ಲಿ ಸಂಸ್ಥೆಗೆ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ. ಮರುದಿನ ಬೆಳಗ್ಗೆ ಅಲ್ಲಿಂದ ಹೊರಡುವ ವಿಮಾನಕ್ಕೂ ಇದೇ ಕ್ಯಾಪ್ಟನ್ ಬೇಕಿತ್ತು. ಬೇರೆ ನಿಲ್ದಾಣಕ್ಕೆ ಹೋದರೆ ಆ ವಿಮಾನ ತಪ್ಪುತ್ತಿತ್ತು. ಅವರು ವೈದ್ಯರ ಚೀಟಿ ಇಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಗೊಳ್ಳುತ್ತಿದ್ದದ್ದೂ, ಅದರಿಂದ ಯೋಚನಾಶಕ್ತಿಗೆ ತೊಂದರೆ ಆಗಿರಬಹುದಾದದ್ದೂ ವರದಿಯಲ್ಲಿದೆ. ತಪ್ಪು ಒಬ್ಬರದ್ದೇ ಅಲ್ಲ, ಸಂಸ್ಥೆಯ ವ್ಯವಸ್ಥೆಯಲ್ಲೂ ಇದೆ ಎಂದು ಬ್ಯೂರೋ ಹೇಳಿತು. ಅಪಘಾತದ ನಂತರ ಕರಿಪುರಕ್ಕೆ ದೊಡ್ಡ ಗಾತ್ರದ ವಿಮಾನಗಳ ಸಂಚಾರವನ್ನು ನಿಲ್ಲಿಸಲಾಯಿತು.

ಎರಡರಲ್ಲೂ ಒಂದೇ ಗಂಟು

ಅಂಗಡಿಯಲ್ಲಿ ಯಜಮಾನರು ಬಿಲ್ ಕೂಡಿಸುವಾಗ ತಪ್ಪಿದರೆ ಕೆಲಸದ ಹುಡುಗ ಮೆಲ್ಲಗೆ ಹೇಳಬಹುದು. ಕೇಳದಿದ್ದರೆ ಸುಮ್ಮನಾಗುತ್ತಾನೆ. ನಷ್ಟ ನೂರಿನ್ನೂರು ರೂಪಾಯಿ, ಸಂಜೆ ಗಲ್ಲಾ ಎಣಿಸುವಾಗ ಗೊತ್ತಾಗುತ್ತೆ. ಕಾಕ್‌ಪಿಟ್‌ನಲ್ಲಿ ಹೀಗೆ ಸುಮ್ಮನಾದರೆ ಸರಿಪಡಿಸಲು ಸಂಜೆ ಇರುವುದಿಲ್ಲ. ಹಿರಿಯರ ಮಾತು ಮೀರಬಾರದು ಎಂಬ ನಮ್ಮ ಅಭ್ಯಾಸ ಅಲ್ಲಿ ಜೀವಕ್ಕೆ ಬರುತ್ತೆ. ಎರಡೂ ಕಡೆ ಕಿರಿಯ ಪೈಲಟ್‌ಗೆ ಅಪಾಯ ಗೊತ್ತಾಗಿತ್ತು, ಬಾಯಿಬಿಟ್ಟು ಹೇಳಿದ್ದೂ ಆಗಿತ್ತು. ಕೈ ಹಾಕಲು ಆಗಲಿಲ್ಲ.

ಊರ ಮಾತು – ನಿಜ ಸಂಗತಿ

- ‘ಮಂಗಳೂರಿನಲ್ಲಿ ಮಳೆಯಿಂದ ಆಯ್ತು’: ಅಲ್ಲ. ಇಳಿಯುವ ಹೊತ್ತಿಗೆ ಗಾಳಿ ಶಾಂತವಾಗಿತ್ತು, 6 ಕಿಲೋಮೀಟರ್‌ವರೆಗೆ ಕಾಣುತ್ತಿತ್ತು. ಜೋರು ಮಳೆ ಇದ್ದದ್ದು ಕೋಝಿಕ್ಕೋಡ್‌ನಲ್ಲಿ.
- ‘ವಿಮಾನ ಹಳೆಯದು’: ಅಲ್ಲ. ಮಂಗಳೂರಿನಲ್ಲಿ ಬಿದ್ದ ವಿಮಾನಕ್ಕೆ ಮೂರು ವರ್ಷವೂ ಆಗಿರಲಿಲ್ಲ.
- ‘ಅಹಮದಾಬಾದ್ ದುರಂತವೂ ಇದೇ ಸಂಸ್ಥೆಯದ್ದು’: ಅಲ್ಲ. 12 ಜೂನ್ 2025ರಂದು ಬಿದ್ದದ್ದು ಏರ್ ಇಂಡಿಯಾದ ಬೋಯಿಂಗ್ 787. ಎಕ್ಸ್‌ಪ್ರೆಸ್ ಅದೇ ಗುಂಪಿನ ಬೇರೆ ಸಂಸ್ಥೆ. ಎರಡೂ 2022ರ ಜನವರಿಯಿಂದ ಟಾಟಾ ಕೈಯಲ್ಲಿವೆ.
- ‘2010ರ ನಂತರ ಮಂಗಳೂರಿನಲ್ಲಿ ಏನೂ ಆಗಿಲ್ಲ’: ಜೀವ ಹೋಗಿಲ್ಲ ನಿಜ. ಆದರೆ 30 ಜೂನ್ 2019ರಂದು ದುಬೈನಿಂದ ಬಂದ ಇದೇ ಸಂಸ್ಥೆಯ ವಿಮಾನ ಇಳಿದ ಮೇಲೆ ಟ್ಯಾಕ್ಸಿವೇ ಬಿಟ್ಟು ಮಣ್ಣಿಗೆ ಹೋಗಿತ್ತು. 183 ಪ್ರಯಾಣಿಕರೂ ಪಾರಾದರು.

ಪರಿಹಾರ: ಕುಟುಂಬಗಳಿಗೆ ಗೊತ್ತಿರಬೇಕಾದ್ದು

ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ಸಾವು ಸಂಭವಿಸಿದರೆ ಅನ್ವಯಿಸುವುದು ಮಾಂಟ್ರಿಯಲ್ ಒಪ್ಪಂದ. ಭಾರತ ಇದಕ್ಕೆ ಸೇರಿದ್ದು 2009ರಲ್ಲಿ, ಮಂಗಳೂರು ದುರಂತಕ್ಕೆ ಒಂದು ವರ್ಷ ಮೊದಲು.

ದುರಂತದ ನಂತರ ಸಂಸ್ಥೆ ಮಧ್ಯಂತರ ಪರಿಹಾರವಾಗಿ 12 ವರ್ಷ ಮೀರಿದ ಪ್ರತಿ ಪ್ರಯಾಣಿಕರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಮುಂದೆ ಅನೇಕ ಕುಟುಂಬಗಳು ಮಾತುಕತೆಯಲ್ಲಿ ಮೊತ್ತ ಒಪ್ಪಿಕೊಂಡವು. ಒಪ್ಪದವರು ಕೋರ್ಟಿಗೆ ಹೋದರು. ಎಲ್ಲರಿಗೂ ಕನಿಷ್ಠ 75 ಲಕ್ಷ ಕೊಡಬೇಕು ಎಂದು 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಅದೇ ವರ್ಷ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು: ಆದ ನಷ್ಟವನ್ನು ತೋರಿಸಬೇಕು, ಎಲ್ಲರಿಗೂ ಒಂದೇ ಮೊತ್ತ ಅಂತ ಇಲ್ಲ.

ಇನ್ನೊಂದು ಕುಟುಂಬ ಗ್ರಾಹಕ ಆಯೋಗದ ದಾರಿ ಹಿಡಿದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2020ರಲ್ಲಿ ಸಿಕ್ಕಿದ್ದು 7.64 ಕೋಟಿ ರೂಪಾಯಿ ಮತ್ತು ಬಡ್ಡಿ. ಸತ್ತವರ ಸಂಬಳವನ್ನು ಭತ್ಯೆಗಳ ಸಮೇತ ಲೆಕ್ಕಕ್ಕೆ ಹಿಡಿಯಬೇಕು ಎಂದು ಕೋರ್ಟ್ ಹೇಳಿತು. ಆದರೆ ಇದಕ್ಕೆ ಹಿಡಿದದ್ದು ಹತ್ತು ವರ್ಷ.

ನೆನಪಿಡಬೇಕಾದ ಅಂಶಗಳು:
- ಕೇಸು ಹಾಕಲು ಗಡುವು ಎರಡು ವರ್ಷ. ವಿಮಾನ ತಲುಪಬೇಕಿದ್ದ ದಿನದಿಂದ ಲೆಕ್ಕ.
- ಒಂದು ಮಿತಿಯವರೆಗೆ ಸಂಸ್ಥೆಯ ತಪ್ಪು ಸಾಬೀತು ಮಾಡುವ ಅಗತ್ಯ ಇಲ್ಲ. ಮಿತಿ ಮೀರಿದ ಮೊತ್ತಕ್ಕೆ ತನ್ನ ತಪ್ಪಿಲ್ಲ ಎಂದು ತೋರಿಸುವ ಹೊಣೆ ಸಂಸ್ಥೆಯದ್ದು.
- ಮಧ್ಯಂತರ ಹಣ ತಗೊಂಡರೆ ಹಕ್ಕು ಹೋಗುವುದಿಲ್ಲ, ಕೊನೆಯ ಪರಿಹಾರದಲ್ಲಿ ಅದನ್ನು ಕಳೆಯಬಹುದು ಅಷ್ಟೇ. ಆದರೆ ‘ಪೂರ್ತಿ ಮತ್ತು ಅಂತಿಮ’ ಎಂದು ಬರೆದ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಬೇಕು.
- ಗಲ್ಫ್‌ನ ಕೆಲಸದ ಕರಾರು, ಸಂಬಳ ಚೀಟಿ, ಬ್ಯಾಂಕ್ ಲೆಕ್ಕದ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ನಷ್ಟದ ಲೆಕ್ಕ ನಿಲ್ಲುವುದು ಇದರ ಮೇಲೆಯೇ.

ವಿಮಾನ ಮತ್ತೆ ಮೇಲೇರಿದರೆ

ಬಜಪೆಯಲ್ಲಿ ಮಳೆಗಾಲದಲ್ಲಿ ವಿಮಾನ ಇಳಿಯಲು ಬಂದು ಮತ್ತೆ ಮೇಲೇರುವುದು, ಬೆಂಗಳೂರಿಗೋ ಬೇರೆ ಕಡೆಗೋ ಹೋಗುವುದು ಹೊಸತಲ್ಲ. ಕರೆದುಕೊಂಡು ಹೋಗಲು ಬಂದವರು ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಟ್ಯಾಕ್ಸಿ ಬಾಡಿಗೆ ಏರುತ್ತದೆ, ಒಳಗಿದ್ದವರು ಹೆದರುತ್ತಾರೆ, ಪೈಲಟ್‌ಗೆ ಬೈಯುವವರೂ ಇದ್ದಾರೆ. ಎರಡು ವರದಿಗಳನ್ನು ಓದಿದರೆ ಗೊತ್ತಾಗುವುದು ಇಷ್ಟು: ಮೇ 22ರ ಬೆಳಗ್ಗೆ ಮಂಗಳೂರಿನಲ್ಲಿ ಆಗದೇ ಹೋದದ್ದು ಈ ಒಂದು ಸುತ್ತು. ಅಂದು ಗುರುತೇ ಸಿಗದ 12 ದೇಹಗಳ ಅಂತ್ಯಸಂಸ್ಕಾರವನ್ನು ಜಿಲ್ಲಾಡಳಿತವೇ ಮಾಡಬೇಕಾಯಿತು. ತಣ್ಣೀರುಬಾವಿ ರಸ್ತೆಯಲ್ಲಿ ಕೂಳೂರು ಹತ್ತಿರ ಸತ್ತವರ ಸ್ಮಾರಕ ಇದೆ. ಪ್ರತಿ ವರ್ಷ ಮೇ 22ರಂದು ಅಲ್ಲಿ ಶ್ರದ್ಧಾಂಜಲಿ ಸಲ್ಲಿಸಲಾಗುತ್ತದೆ.